ನೆಲುವಿನ ಮೇಲಿನ ದೇವರ ಗಡಿಗೆ

ನಮ್ಮ ಮನೆಯಲ್ಲಿ ದೇವರು ಸೋನಾ ಮಸೂರಿ ಉಣ್ಣುತ್ತಿದ್ದ, ನಾವು ನುಚ್ಚು ಉಣ್ಣುತ್ತಿದ್ದೆವು. ಇದು ನನ್ನ ಮಾತಲ್ಲ, ನಮ್ಮಪ್ಪನದು. ಅಪ್ಪ ಕೊಪ್ಪಳ ಸೀಮೆಯ ಸಿದ್ದಾಪುರದ ಕಡೆ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ದಿನವಿಡೀ ಒಳ್ಳೆಯ ಅಕ್ಕಿಯ ಚೀಲ ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬಿ, ಸಂಜೆ ಟವೆಲ್ಲಿನ ತುದಿಯಲ್ಲಿ ನುಚ್ಚು ಕಟ್ಟಿಕೊಂಡು ಬರುತ್ತಿದ್ದ. ಆ ನುಚ್ಚಿನಲ್ಲೇ ನಾನೂ ನನ್ನ ತಮ್ಮನೂ ಬೆಳೆದೆವು. ಒಳ್ಳೆಯ ಅಕ್ಕಿಯೂ ಮನೆಯಲ್ಲಿ ಒಂದು ಸಣ್ಣ ಚೀಲ ಇರುತ್ತಿತ್ತು. ಅದು ಟ್ರಂಕಿನೊಳಗೆ, ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿ.

ನಮ್ಮಜ್ಜನ ಕಾಲದಿಂದ ನಾವು ಕ್ರೈಸ್ತರು. ಕಾಲುವೆ ದಂಡೆಯ ಕ್ಯಾಂಪಿನಲ್ಲಿ ತಗಡಿನ ಮಾಡಿನ ಒಂದು ಚರ್ಚು ಇತ್ತು. ನೀರಾವರಿ ಗದ್ದೆಗೆಂದು ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದವರು ಪಾಸ್ಟರನ್ನು ಅಯ್ಯಗಾರು ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಆ ಚರ್ಚಿನ ಹೆಂಗಸರಿಗೆಲ್ಲ ಒಂದು ಪದ್ಧತಿ: ಹಿಡಿ ಅಕ್ಕಿ. ಒಲೆಯ ಮೇಲೆ ಎಸರು ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ದೇವರ ಹೆಸರಿನಲ್ಲಿ ಬೇರೆ ಗಡಿಗೆಗೆ ಹಾಕಬೇಕು. ಆಯಿತ್ವಾರ ಗಡಿಗೆ ಹೊತ್ತುಕೊಂಡು ಹೋಗಿ, ಆರಾಧನೆ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೇ ಮುಂದೆ ಬಂದು, ಎಲ್ಲರ ಎದುರಿಗೆ ಒಂದೇ ಚೀಲಕ್ಕೆ ಸುರಿಯಬೇಕು. ಆಮೇಲೆ ಆ ಅಕ್ಕಿಯನ್ನು ಸವಾಲಿಗೆ ಹಚ್ಚುತ್ತಿದ್ದರು. ಹೆಚ್ಚಿಗೆ ಕೂಗಿದವರು ಒಯ್ಯುತ್ತಿದ್ದರು. ಬಹಳ ಸಲ ಒಯ್ಯುತ್ತಿದ್ದವಳು ಕ್ಯಾಂಪಿನಲ್ಲಿ ಇಡ್ಲಿ ಮಾರುವ ವಿಧವೆ. ಅವಳನ್ನು ಎಲ್ಲರೂ ಇಡ್ಲಿಯಮ್ಮ ಎನ್ನುತ್ತಿದ್ದರು. ದೇವರಿಗೆ ಕೊಟ್ಟದ್ದನ್ನು ಸೋಮವಾರ ಅವಳ ಅಂಗಡಿಯಲ್ಲಿ ಚಟ್ನಿ ಹಚ್ಚಿಕೊಂಡು ತಿನ್ನಬಹುದಾಗಿತ್ತು.

ನುಚ್ಚಿನ ಮನೆಯವರು ನುಚ್ಚನ್ನೇ ಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಮ್ಮವ್ವ ಹೆಂಗಸರ ಕೂಟದ ಮುಂದಾಳು. ಇಡೀ ಕ್ಯಾಂಪಿಗೆ ಬುದ್ಧಿ ಹೇಳುವವಳು. ಅವಳ ಗಡಿಗೆಯಿಂದ ನುಚ್ಚು ಬೀಳುವುದುಂಟೆ? ನಮಗೆ ನುಚ್ಚು ಬೇಯಲು ಇಟ್ಟಾಗಲೆಲ್ಲ ಟ್ರಂಕು ತೆಗೆದು, ಒಂದು ಹಿಡಿ ಸೋನಾ ಮಸೂರಿ ದೇವರ ಗಡಿಗೆಗೆ ಹಾಕಿ, ಮತ್ತೆ ಕೀಲಿ ಜಡಿಯುತ್ತಿದ್ದಳು. ಗಡಿಗೆ ಇರುತ್ತಿದ್ದದ್ದು ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ. ಅವ್ವನ ಲೆಕ್ಕದಲ್ಲಿ ಅದು ಇಲಿಗೂ ನಮಗೂ ಸಿಗದ ಎತ್ತರ.

ಪಕ್ಕದ ಮನೆಯ ಗೌಡತಿ ಒಮ್ಮೆ ಕೇಳಿದ್ದಳು: "ಏನವಾ, ನಿಮ್ಮ ದೇವರಿಗೆ ಹೊಟ್ಟಿ ಭಾಳ ಹಸಿತೈತೇನು?"

ಒಳಗಿನಿಂದ ಅಪ್ಪ ಅಂದಿದ್ದ: "ದೇವರಿಗಲ್ಲವಾ, ನಮ್ಮಾಕಿ ಮಾನಕ್ಕ ಹಸಿತೈತಿ."

ಅವ್ವ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಇದು ತೊಂಬತ್ತೇಳರ ಬೇಸಿಗೆಯ ಮಾತು. ನನಗೆ ಹತ್ತು ವರ್ಷ, ನನ್ನ ತಮ್ಮನಿಗೆ ಐದು ತುಂಬಿರಲಿಲ್ಲ. ಅವ್ವ ಕೂಲಿಗೆ ಹೋದರೆ ಮನೆಗೆ ನಾನೇ ಒಡತಿ. ಮಧ್ಯಾಹ್ನ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು, ರಬ್ಬರಿನ ಪೋಂಗಾ ಒತ್ತುತ್ತ ಐಸಿನವನು ಬರುತ್ತಿದ್ದ. ಹಳೇ ಕಬ್ಬಿಣ, ಭತ್ತ, ಶೇಂಗಾ, ಅಕ್ಕಿ, ಏನು ಕೊಟ್ಟರೂ ಐಸ್ ಕೊಡುತ್ತಿದ್ದ. ನಾನು ಲಂಗದಲ್ಲಿ ನುಚ್ಚು ತುಂಬಿಕೊಂಡು ಓಡಿದೆ.

"ಏ ಹುಡುಗಿ, ಇದನ್ನ ಕೋಳಿಗೆ ಹಾಕು. ಅಕ್ಕಿ ಇದ್ರ ತಾ."

ಅಕ್ಕಿ ಇತ್ತು. ದೇವರದು.

ನಾನು ವಯಸ್ಸಿಗೆ ಮೀರಿ ಉದ್ದ. ಒರಳುಕಲ್ಲಿನ ಮೇಲೆ ಎಣ್ಣೆಯ ಡಬ್ಬಿ ಬೋರಲು ಹಾಕಿ, ಅದರ ಮೇಲೆ ತುದಿಗಾಲಲ್ಲಿ ನಿಂತರೆ ಗಡಿಗೆಯೊಳಗೆ ಕೈ ಹೋಗುತ್ತಿತ್ತು. ತಮ್ಮನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿದೆ. ಆ ವಾರ ಮೂರು ದಿನ ಐಸ್ ತಿಂದೆವು. ಕಿತ್ತಳೆ ಬಣ್ಣದ್ದು. ತಿಂದೆವು ಎನ್ನುವುದು ಹೆಚ್ಚಾಯಿತು. ನಾನು ತಿಂದೆ, ಕಡ್ಡಿಯ ಬುಡದಲ್ಲಿ ಉಳಿದಿದ್ದನ್ನು ಅವನಿಗೆ ಚೀಪಲು ಕೊಟ್ಟೆ. ಶನಿವಾರ ನೋಡಿದರೆ ಗಡಿಗೆ ಅರ್ಧಕ್ಕಿಳಿದಿತ್ತು. ಆಗ ನನ್ನ ತಲೆ ಓಡಿತು. ಸಾಲಿಯಲ್ಲಿ ಎಂದೂ ಓಡದ ತಲೆ ಅದು. ಉಳಿದ ಒಳ್ಳೆಯ ಅಕ್ಕಿಯನ್ನೆಲ್ಲ ಹೊರಗೆ ತೆಗೆದು, ಕೆಳಗೆ ನುಚ್ಚು ತುಂಬಿ, ಮೇಲೆ ಸೋನಾ ಮಸೂರಿ ಹಾಸಿದೆ. ಮುತ್ತು ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ದೇವರೇ ಬಂದು ಬಗ್ಗಿ ನೋಡಿದ್ದರೂ ಮೋಸಹೋಗುತ್ತಿದ್ದ.

ಆಯಿತ್ವಾರ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು, ಗಡಿಗೆಯೊಳಗೆ ಒಮ್ಮೆ ನೋಡಿ, ತೃಪ್ತಿಯಿಂದ ಹೊತ್ತುಕೊಂಡು ನಡೆದಳು. ಚೀಲದ ಎದುರು ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸಿ ಗಡಿಗೆ ಬೋರಲು ಮಾಡಿದಳು. ನನ್ನ ಲೆಕ್ಕ ತಪ್ಪಿದ್ದು ಅಲ್ಲಿ. ಸುರಿದಾಗ ಮೇಲಿದ್ದದ್ದು ಮೊದಲು ಕೆಳಗೆ ಬಿತ್ತು, ತಳದಲ್ಲಿದ್ದದ್ದು ಎಲ್ಲರಿಗೂ ಕಾಣುವ ಹಾಗೆ ಚೀಲದ ಮೇಲೆ ಬಂದು ಕೂತಿತು. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಇಡ್ಲಿಯಮ್ಮ ಕತ್ತು ಚಾಚಿ ನೋಡಿ ಕೂಗಿಯೇಬಿಟ್ಟಳು: "ಅಯ್ಯಯ್ಯೋ, ಇದೆಲ್ಲಾ ನುಚ್ಚೈತಲ್ಲವಾ!"

ಅವ್ವ ಕಣ್ಣು ತೆರೆದಳು. ಆ ಮುಖ ನಾನಿನ್ನೂ ಮರೆತಿಲ್ಲ. ಹಿಂದಿನ ವಾರವಷ್ಟೇ ಅಯ್ಯಗಾರು, ಬೈಬಲ್ಲಿನಲ್ಲಿ ಬರುವ, ಕಾಣಿಕೆಯಲ್ಲಿ ಒಂದು ಪಾಲು ಮುಚ್ಚಿಟ್ಟುಕೊಂಡು ಸುಳ್ಳು ಹೇಳಿ ದೇವರ ಎದುರೇ ಬಿದ್ದು ಸತ್ತ ಗಂಡಹೆಂಡಿರ ಕಥೆ ಹೇಳಿದ್ದರು. ಹೆಂಗಸರೆಲ್ಲ ಅವ್ವ ಈಗ ಬೀಳುತ್ತಾಳೆ, ಆಗ ಬೀಳುತ್ತಾಳೆ ಎಂದು ಕಾಯುವವರ ಹಾಗೆ ನೋಡಿದರು. ಅವ್ವ ಬೀಳಲಿಲ್ಲ. ಬರಿ ಗಡಿಗೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ನಮ್ಮಿಬ್ಬರನ್ನು ಗೋಡೆಗೆ ನಿಲ್ಲಿಸಿದಳು.

"ಯಾರು ಅಂತ ಹೇಳೂತನಕ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ."

ಅಪ್ಪ ತಾಟಿನ ಮುಂದೆ ಕೂತಾಗಿತ್ತು. "ನಾನ ಕದ್ದೀನಿ ಅಂತ ತಿಳ್ಕೋ. ಅನ್ನ ಹಾಕು."

"ನೀವು ಸುಮ್ಮ ಕುಂಡ್ರಿ. ಇದು ಮಕ್ಕಳ ಆತ್ಮದ ಪ್ರಶ್ನಿ."

"ಆತ್ಮಕ್ಕ ಹೊಟ್ಟಿ ಇಲ್ಲ, ಅದಕ್ಕ ನಡಿತೈತಿ. ನನಗೈತಲ್ಲ?"

ಒಂದು ತಾಸಾಯಿತು. ನುಚ್ಚಿನ ಅನ್ನದ ಜೊತೆ ಆವತ್ತು ಒಣಮೀನಿನ ಸಾರೂ ಇತ್ತು, ವಾಸನೆ ಮನೆ ತುಂಬಾ. ನಾನು ತಮ್ಮನನ್ನು ಬಣವೆಯ ಹಿಂದೆ ಕರೆದುಕೊಂಡು ಹೋದೆ.

"ನೋಡೋ, ನೀ ಕದ್ದೀನಿ ಅಂತ ಹೇಳು."

"ನಾ ಕದ್ದಿಲ್ಲಲ್ಲಕ್ಕ?"

"ಐಸ್ ಚೀಪಿದಿಲ್ಲೋ? ಚೀಪಿದವ್ರೂ ಕಳ್ಳರ. ಮತ್ತ ಐದು ವರ್ಷದ ಒಳಗಿನವರ ಪಾಪ ದೇವರು ಬರಕೊಳ್ಳಂಗಿಲ್ಲ. ಬಸ್ಸಿನ್ಯಾಗ ನಿನಗ ಟಿಕೀಟು ತಗಸ್ತಾರೇನು? ಇಲ್ಲಲ್ಲ? ಹಂಗ."

ಅವನು ಸ್ವಲ್ಪ ಯೋಚಿಸಿದ. ಟಿಕೀಟಿನ ಮಾತು ಅವನಿಗೆ ಸರಿಕಂಡಿತು. ಒಳಗೆ ಹೋಗಿ ಅವ್ವನ ಸೀರೆ ಹಿಡಿದು "ನಾ ಕದ್ದೆ" ಅಂದ.

ಅವ್ವ ಹೊಡೆಯಲಿಲ್ಲ. ಅವಳ ಶಿಕ್ಷೆ ಬೇರೆಯೇ ಇತ್ತು. ನಾಲ್ಕು ಆಯಿತ್ವಾರದವರೆಗೆ ಪ್ರತಿ ಊಟಕ್ಕೂ ಅವನ ತಾಟಿನಿಂದ ಒಂದು ಹಿಡಿ ಅನ್ನ ಕಡಿಮೆ, ದೇವರ ಗಡಿಗೆಗೆ ಅವನ ಕೈಯಿಂದಲೇ ಒಂದು ಹಿಡಿ ಅಕ್ಕಿ. ಅವನ ಹಿಡಿಯೋ ಒಂದು ನಿಂಬೆಹಣ್ಣಿನಷ್ಟು. ತಾಟಿನಿಂದ ಕಡಿಮೆಯಾಗುತ್ತಿದ್ದದ್ದು ಅವ್ವನ ಹಿಡಿ. ಮೊದಲ ಎರಡು ದಿನ ನಾನು ನನ್ನ ತಾಟಿನಿಂದ ಕದ್ದು ಅವನಿಗೆ ಎರಡು ತುತ್ತು ಕೊಟ್ಟೆ. ಮೂರನೆಯ ದಿನದಿಂದ ಕೊಡಲಿಲ್ಲ. ಕಾರಣ ಕೇಳಿದರೆ ನನಗೂ ಹಸಿವಾಗುತ್ತಿತ್ತು, ಅಷ್ಟೆ.

ಮುಂದಿನ ಆಯಿತ್ವಾರ ಅವ್ವ ಅವನನ್ನು ಚರ್ಚಿನಲ್ಲಿ ಎಲ್ಲರ ಎದುರು ನಿಲ್ಲಿಸಿದಳು. ಚಡ್ಡಿ ಒಂದು ಕೈಯಲ್ಲಿ ಹಿಡಿದುಕೊಂಡು ಅವನು "ನಾ ದೇವರ ಅಕ್ಕಿ ಕದ್ದೆ, ತಪ್ಪಾತು" ಅಂದ. ಹೆಂಗಸರು ಕಣ್ಣೊರೆಸಿಕೊಂಡರು. ಇಷ್ಟು ಸಣ್ಣ ಕೂಸು, ಎಷ್ಟು ದೊಡ್ಡ ಮನಸ್ಸು! ಅಯ್ಯಗಾರು ತಲೆಯ ಮೇಲೆ ಕೈಯಿಟ್ಟು, ಈ ಹುಡುಗ ದೇವರ ಸೇವೆಗೆ ಆರಿಸಿಕೊಂಡವನು ಎಂದರು. ಇಡ್ಲಿಯಮ್ಮ ಎರಡು ಬಾಳೆಹಣ್ಣು ಕೊಟ್ಟಳು. ಅವನು ನನಗೊಂದು ಕೊಟ್ಟ. ನಾನು ತಿಂದೆ.

ಮರುವರ್ಷ ಕೊಪ್ಪಳದ ಒಂದು ಹಾಸ್ಟೆಲಿನಲ್ಲಿ ನಮ್ಮ ಚರ್ಚಿನ ಒಂದು ಮಗುವಿಗೆ ಜಾಗ ಸಿಗುತ್ತದೆ ಎಂದಾಯಿತು. ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಅವನು ಟ್ರಂಕು ಹಿಡಿದು ಹೋದ. ನಾನು ಐದನೆಯ ಇಯತ್ತೆ ಮುಗಿಸಿ ಅವ್ವನ ಜೊತೆ ನಾಟಿ ಹಚ್ಚಲು ಹೋದೆ. ಕೆಸರಲ್ಲಿ ಬಗ್ಗಿ ನಿಂತಾಗ ಎಷ್ಟೋ ಸಲ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಯಾರ ಮುಂದೆ ಹೇಳುವುದು? "ಕದ್ದವಳು ನಾನು, ಹಾಸ್ಟೆಲು ನನಗೆ ಸಿಗಬೇಕಿತ್ತು" ಎಂದೇ?

ತಮ್ಮ ಓದಿ ಪಾಸ್ಟರಾದ. ಯಲಬುರ್ಗಾ ಕಡೆಯ ಒಂದು ಸಣ್ಣ ಸಭೆ ಅವನದು. ದೇವರು ತನ್ನನ್ನು ಪಾಪದಿಂದ ತಿರುಗಿಸಿದ ಕಥೆಗೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಎಲ್ಲಿ ಪ್ರಸಂಗ ಮಾಡಿದರೂ ಅವನ ಸಾಕ್ಷಿ ಒಂದೇ: ದೇವರ ಅಕ್ಕಿ ಕದ್ದ ಪಾಪಿ ನಾನು. ವರ್ಷ ಕಳೆದಂತೆ ಗಡಿಗೆ ದೊಡ್ಡದಾಯಿತು. ಮೂರು ದಿನದ ಐಸು ಮೂರು ತಿಂಗಳದ್ದಾಯಿತು. ಕಿತ್ತಳೆ ಬಣ್ಣ ಹೋಗಿ ರಕ್ತದಂಥ ಕೆಂಪು ಬಂತು. ಕೇಳಿದ ಜನ ಅಳುತ್ತಿದ್ದರು, ಕುಡಿಯುವವರು ಕುಡಿತ ಬಿಡುತ್ತಿದ್ದರು, ಒಬ್ಬನಂತೂ ಕದ್ದ ಮೇಕೆ ಮರಳಿಸಿದ್ದ. ನಾನು ಹಿಂದಿನ ಸಾಲಿನಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿರುತ್ತಿದ್ದೆ. ಎಲ್ಲರೂ ನನಗೆ ಭಕ್ತಿ ಹೆಚ್ಚು ಎಂದುಕೊಂಡಿದ್ದರು.

ನನ್ನನ್ನು ಕುಷ್ಟಗಿಗೆ ಕೊಟ್ಟರು. ಈಗ ಒಂದು ಸಾಲಿಯಲ್ಲಿ ಬಿಸಿಯೂಟ ಬೇಯಿಸುತ್ತೇನೆ. ಸಾಲಿ ಬಿಟ್ಟವಳಿಗೆ ಸಾಲಿ ಬಿಡಲಿಲ್ಲ. ಇಬ್ಬರು ಮಕ್ಕಳು: ಹತ್ತು ವರ್ಷದ ಮಗಳು, ನಾಲ್ಕೂವರೆ ವರ್ಷದ ಮಗ. ಮಕ್ಕಳನ್ನು ಬೆಳೆಸುವುದರಲ್ಲಿ ನನ್ನದು ಒಂದೇ ಸಿದ್ಧಾಂತ. ಯಾರು ಮಾಡಿದಿರಿ ಎಂದು ಉಪವಾಸ ಕೆಡವಿ ಕೇಳುವುದಿಲ್ಲ, ಹೊಟ್ಟೆ ತುಂಬ ಉಣ್ಣಿಸಿ ಕೇಳುತ್ತೇನೆ. ಹಸಿದ ಮಗು ಏನನ್ನಾದರೂ ಒಪ್ಪಿಕೊಳ್ಳುತ್ತದೆ. ಉಂಡ ಮಗುವಿಗೆ ಸುಳ್ಳು ಹೇಳಲೂ ಆಲಸ್ಯ. ಅವ್ವ ಇದಕ್ಕೆ "ಮಕ್ಕಳನ್ನ ಹಾಳ ಮಾಡ್ತಿ" ಎನ್ನುತ್ತಾಳೆ. ನನಗೆ ಇದು ಎಲ್ಲಿ ತಿಳಿಯಿತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಈ ಸುಗ್ಗಿಯಲ್ಲಿ ನಮ್ಮ ಕ್ಯಾಂಪಿನ ಚರ್ಚಿನವರು ಕೊಯ್ಲಿನ ಹಬ್ಬಕ್ಕೆ ತಮ್ಮನನ್ನೇ ಪ್ರಸಂಗಕ್ಕೆ ಕರೆದರು. ತಾನು ಚಡ್ಡಿ ಹಿಡಿದು ನಿಂತ ಜಾಗದಲ್ಲೇ ನಿಂತು ಮಾತಾಡುವುದು ಅವನಿಗೆ ಮೊದಲ ಸಲ. ಶನಿವಾರ ಮಧ್ಯಾಹ್ನ ಎಲ್ಲರೂ ಅವ್ವನ ಮನೆಯಲ್ಲಿ ಸೇರಿದ್ದೆವು. ಉಂಡು ಕೈ ತೊಳೆಯುತ್ತ ತಮ್ಮ ಹೇಳಿದ:

"ಅಕ್ಕ, ನಾಳೆ ನನ್ನ ಸಾಕ್ಷಿ ಆದಮ್ಯಾಲ ನೀ ಎದ್ದು ನಿಂತು ಎರಡು ಮಾತು ಹೇಳಬೇಕು ನೋಡು. ಆವಾಗ ಮನ್ಯಾಗ ಇದ್ದಾಕಿ ನೀ ಒಬ್ಬಾಕೆ. ಕಣ್ಣಾರೆ ಕಂಡಿದ್ದು ಹೇಳು."

ಇಷ್ಟು ವರ್ಷ ಸುಮ್ಮನೆ ಕೂತದ್ದು ಒಂದು ಪಾಪವಾದರೆ, ಎದ್ದು ನಿಂತು ಹೇಳುವುದು ಇನ್ನೊಂದು. ಹೇಳಲಿಲ್ಲವೆಂದರೆ ಯಾಕೆಂದು ಕೇಳುತ್ತಾನೆ. ನಿಜ ಹೇಳಿದರೆ ಅವನ ಇಡೀ ಸೇವೆ ನಿಂತಿರುವ ಕಂಬವನ್ನೇ ನಾನು ಎಳೆದ ಹಾಗೆ.

ಅವನು ಮಕ್ಕಳ ಎದುರು ತಾಲೀಮು ಶುರು ಮಾಡಿದ. ಗಡಿಗೆ, ಐಸು, ಸೈತಾನ, ಎಲ್ಲ ಬಂತು. ನನ್ನ ಮಗ ಬಾಯಿ ತೆರೆದು ಕೇಳಿದ. ಮಗಳು ತೊಲೆಯ ಕಡೆ ನೋಡುತ್ತಿದ್ದಳು. ನೆಲುವು ಇನ್ನೂ ಅಲ್ಲೇ ಇದೆ, ಗಡಿಗೆ ಮಾತ್ರ ಈಗ ಸ್ಟೀಲಿನದು.

"ಮಾಮಾ, ಗಡಿಗಿ ಅಲ್ಲೇ ಇತ್ತೇನು?"

"ಅಲ್ಲೇವಾ."

"ಮತ್ತ ನಿನಗ ಹ್ಯಾಂಗ ನಿಲುಕ್ತು?"

"ಒರಳ ಮ್ಯಾಲ ಡಬ್ಬಿ ಇಟ್ಟು ಹತ್ತಿದ್ದೆ."

ಅವನು ಕಂಡದ್ದು ನಿಜವೇ, ಹತ್ತಿದ್ದು ಮಾತ್ರ ನಾನು. ಮಗಳು ಬಿಡಲಿಲ್ಲ. ಎದ್ದು ಹೋಗಿ ಎಣ್ಣೆಯ ಡಬ್ಬಿ ತಂದು ಒರಳ ಮೇಲೆ ಬೋರಲು ಹಾಕಿ, ತನ್ನ ತಮ್ಮನನ್ನು ಅದರ ಮೇಲೆ ನಿಲ್ಲಿಸು ಎಂದಳು. ಪಾಸ್ಟರ ಮಾಮ ಸೊಂಟ ಹಿಡಿದು ನಿಲ್ಲಿಸಿದ. ನನ್ನ ಮಗ ಎರಡೂ ಕೈ ಚಾಚಿದ. ಗಡಿಗೆ ಇನ್ನೂ ಒಂದೂವರೆ ಮೊಳ ಮೇಲಿತ್ತು. ಅವನು ಗಾಳಿಯಲ್ಲಿ ಕೈ ಆಡಿಸುತ್ತ ಕಿಲಕಿಲ ನಕ್ಕ.

ಗೋಡೆಗೆ ಒರಗಿದ್ದ ಅಪ್ಪ ಅಂದ: "ಅವನ ಕೈಯಾಗ ಒಂದು ಕೋಲು ಕೊಡ್ರಿ, ಮಾವಿನಕಾಯಿ ಕೆಡವಿದಂಗ ಕೆಡವಲಿ."

"ನಾ ಉದ್ದ ಇದ್ದೆ," ಅಂದ ತಮ್ಮ.

"ಎಲ್ಲಿ ಉದ್ದ? ಎಂಟನೇ ಇಯತ್ತೆತನಕ ನಿನಗ ಬಸ್ಸಿನ್ಯಾಗ ಅರ್ಧ ಟಿಕೀಟ ತಗದೀನಿ."

ತಮ್ಮ ಪ್ರಸಂಗದ ದನಿಯಲ್ಲಿ ಹೇಳಿದ: "ಹಂಗಾರ ಸೈತಾನನೇ ನನ್ನ ಮ್ಯಾಲಕ್ಕ ಎತ್ತಿರಬೇಕು."

ನನಗೆ ತಡೆಯಲಾಗಲಿಲ್ಲ. "ಸೈತಾನ ಅಲ್ಲೋ. ನಾನು. ನಿನ್ನ ಯಾರೂ ಎತ್ತಿಲ್ಲ. ನಾನ ಹತ್ತಿ, ನಾನ ಕದ್ದೆ."

ತಮ್ಮ ನನ್ನನ್ನು ಕರುಣೆಯಿಂದ ನೋಡಿದ. ಆ ಕರುಣೆಯೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

"ಅಕ್ಕ, ನೀ ನನ್ನ ಪಾಪ ಹೊರಾಕ ಬರಬ್ಯಾಡ. ಅದನ್ನ ಹೊರಾಕ ಆಗಲೇ ಒಬ್ಬಾವ ಬಂದು ಹೋಗ್ಯಾನ."

"ಅವ ಹೊತ್ತಿದ್ದು ನನ್ನದೋ ಹುಚ್ಚಪ್ಯಾಲಿ!" ಎಂದೆ. ಪಾಸ್ಟರಿಗೆ ಹಾಗೆ ಅನ್ನಬಾರದು, ಆದರೆ ಬಾಯಿಗೆ ಬಂದದ್ದು ಅದೇ. ಎಲ್ಲ ಹೇಳಿದೆ. ನುಚ್ಚು ಕೆಳಗೆ, ಅಕ್ಕಿ ಮೇಲೆ. ಬಣವೆ. ಬಸ್ಸಿನ ಟಿಕೀಟು. ಟಿಕೀಟಿನ ಮಾತು ಬಂದಾಗ ಅವನ ಮುಖ ಬದಲಾಯಿತು. ಅದೊಂದು ಅವನಿಗೆ ನೆನಪಿತ್ತು. ಯಾರು ಹೇಳಿದ್ದು ಎಂಬುದು ಮರೆತಿತ್ತು, ಅಷ್ಟೆ. ನನ್ನ ಮಗನನ್ನು ಡಬ್ಬಿಯಿಂದ ಇಳಿಸಿ, ತಾನೇ ಒರಳಿನ ಪಕ್ಕ ನೆಲದ ಮೇಲೆ ಕೂತ.

"ಹಂಗಾರ ನಾ ಏನು ಮಾಡೀನಿ?"

"ಬಾಗಲ ಕಾದಿ. ಕಡ್ಡಿ ಚೀಪಿದಿ."

"ಅಷ್ಟ?"

ಆ "ಅಷ್ಟ?" ಎನ್ನುವುದರಲ್ಲಿ ಎಂಥ ನಿರಾಸೆ ಇತ್ತೆಂದರೆ, ನಾನು ಅವನ ಮನೆಗೇ ಕನ್ನ ಹಾಕಿದ ಹಾಗಾಯಿತು. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಒಂದು ಪಾಪ ಜೋಪಾನ ಮಾಡಿಕೊಂಡು ಬಂದಿದ್ದ. ಅದನ್ನೂ ನಾನು ಕಸಿದುಕೊಂಡೆ.

ಅವ್ವ ಒಲೆಯ ಹತ್ತಿರ ಅನ್ನದ ಹುಟ್ಟು ಹಿಡಿದು ನಿಂತಿದ್ದಳು. ಅದು ನನ್ನ ಬೆನ್ನಿಗೆ ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಚೆನ್ನಾಗಿತ್ತು. ಅವಳು ಹುಟ್ಟನ್ನು ಕೆಳಗಿಟ್ಟು, ತನ್ನ ಬಲಗೈ ಬಿಡಿಸಿ ನೋಡಿಕೊಂಡಳು.

"ನಾಕು ವಾರ ಆ ಕೂಸಿನ ತಾಟಿನಿಂದ ಅನ್ನ ತಗದೀನಿ. ಈ ಕೈಲೆ."

ಕದ್ದವಳು ನಾನು ಎಂದು ಹೇಳಿಬಿಟ್ಟರೆ ಹೊರೆ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಿತು ನಿಜ, ಇಳಿದು ಅವ್ವನ ತಲೆಯ ಮೇಲೆ ಕೂತಿತು.

ಸಂಜೆಯವರೆಗೆ ತಮ್ಮ ಕಾಲುವೆ ದಂಡೆಯ ಮೇಲೆ ಅಡ್ಡಾಡಿದ. ನಾಳೆ ಏನು ಹೇಳುತ್ತಾನೆ? ಚರ್ಚಿಗೇ ಬರುವುದಿಲ್ಲವೇನೋ. ದೀಪ ಹಚ್ಚುವ ಹೊತ್ತಿಗೆ ದಾಪುಗಾಲು ಹಾಕುತ್ತ ಬಂದ. ಮುಖ ಅರಳಿತ್ತು.

"ಅಕ್ಕ, ಸಿಕ್ತು!"

"ಏನು ಸಿಕ್ತೋ?"

"ನನ್ನ ಪಾಪ! ಕದ್ದಿಲ್ಲ ಬಿಡು. ಆದ್ರ ದೇವರ ಮನ್ಯಾಗ, ಮಂದಿ ಮುಂದ, ಕದ್ದೀನಿ ಅಂತ ಸುಳ್ಳು ಹೇಳೀನಲ್ಲ! ಹೇಳಿ ಬಾಳೆಹಣ್ಣು ತಿಂದೀನಲ್ಲ!"

"ಐದರ ಒಳಗ ಇದ್ದಿ, ಟಿಕೀಟಿಲ್ಲ," ಅಂದ ಅಪ್ಪ.

"ಆಮ್ಯಾಲ ಟಿಕೀಟಿನ ವಯಸ್ಸಿನ್ಯಾಗೂ ಹೇಳೀನ್ರಿ. ಐಸಿನ ಬಣ್ಣ ಬ್ಯಾರೆ ಬದಲ ಮಾಡೀನಿ." ಆಮೇಲೆ ನನ್ನ ಕಡೆ ತಿರುಗಿ, ನಗದೆ ಹೇಳಿದ: "ಎರಡು ದಿವಸ ನನಗ ತುತ್ತು ಕೊಟ್ಟಿ. ಮೂರನೇ ದಿವಸ ಯಾಕ ಬಿಟ್ಟಿ?"

ಅದು ಅವನಿಗೆ ನೆನಪಿತ್ತು.

"ಹಸಿವಾಗಿತ್ತೋ," ಎಂದೆ.

ಅವನು ತಲೆಯಾಡಿಸಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. "ನಾಳೆ ಏಳಬೇಕು ಮತ್ತ," ಅಂದ ಅಷ್ಟೆ.

ಮರುದಿನ ಎದ್ದೆ. ಅವನು ತನ್ನದನ್ನು ಹೇಳಿ ಮುಗಿಸಿದ ಮೇಲೆ, ಹಿಂದಿನ ಸಾಲಿನಿಂದ ಮುಂದೆ ನಡೆದು ಹೋದೆ. ನನಗೆ ಭಾಷಣ ಬರುವುದಿಲ್ಲ. "ಅಕ್ಕಿ ಕದ್ದಾಕಿ ನಾನು. ನುಚ್ಚು ತುಂಬಿದಾಕಿ ನಾನು. ನಮ್ಮವ್ವಂದು, ನನ್ನ ತಮ್ಮಂದು ಏನೂ ತಪ್ಪಿಲ್ಲ," ಎಂದೆ. ಅವ್ವ ಚಾಪೆಯ ಮೇಲೆ ಕೂತು ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಮೂವತ್ತು ದಾಟಿದ ಹೆಂಗಸು ಐಸಿಗಾಗಿ ಅಕ್ಕಿ ಕದ್ದಿದ್ದೆ ಎಂದರೆ ಅಳುವುದಕ್ಕೆ ಏನಿದೆ?

ಕೊನೆಗೆ ಮುಂದಿನ ಸಾಲಿನಿಂದ ಒಂದು ಮುದಿ ದನಿ ಬಂತು. ಇಡ್ಲಿಯಮ್ಮ. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಆವತ್ತಿನ ಚೀಲ ಸವಾಲಿನ್ಯಾಗ ನಾನ ಹಿಡದಿದ್ದೆ. ನುಚ್ಚು ಅಂತ ಬ್ಯಾರೆ ಯಾರೂ ರೇಟು ಕೂಗಲೇ ಇಲ್ಲ. ಖರೇ ಹೇಳ್ತೀನಿ, ಅಂಥಾ ಮೆತ್ತನ್ನ ಇಡ್ಲಿ ಮತ್ತ ಆಗಲೇ ಇಲ್ಲ ಬಿಡು."

ಇಡೀ ಚರ್ಚು ನಕ್ಕಿತು. ಬಾಳೆಹಣ್ಣು ಮಾತ್ರ ಯಾರೂ ಕೊಡಲಿಲ್ಲ.

ಕುಷ್ಟಗಿ ಬಸ್ಸು ಹತ್ತುವಾಗ ಅವ್ವ ಒಂದು ಖಾಲಿ ಗಡಿಗೆಯನ್ನು ನನ್ನ ಕೈಗಿಟ್ಟಳು. "ನಾಕು ಆಯಿತ್ವಾರ. ನಿನ್ನ ತಾಟಿನಿಂದ ಒಂದು ಹಿಡಿ ಕಡಿಮಿ, ಅದರಾಗ ಒಂದು ಹಿಡಿ. ನಾನೂ ಇಲ್ಲಿ ಮಾಡ್ತೀನಿ."

"ನೀ ಯಾಕವಾ?"

"ಕೈ ನಂದಲ್ಲ?" ಎಂದು ಬಸ್ಸಿನ ತಗಡು ತಟ್ಟಿ ಕಳಿಸಿದಳು.

ಕುಷ್ಟಗಿ ಕಡೆ ಅನ್ನಕ್ಕಿಂತ ರೊಟ್ಟಿ ಹೆಚ್ಚು, ಹಾಗಾಗಿ ನನ್ನ ಗಡಿಗೆಗೆ ಜೋಳ ಬೀಳುತ್ತಿದೆ. ಮೂರು ಆಯಿತ್ವಾರ ಮುಗಿದಿವೆ. ಶನಿವಾರ ಬಂತೆಂದರೆ ನನ್ನ ಮಗಳು ಗಡಿಗೆ ಕೆಳಗಿಳಿಸಿ, ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಮೇಲಕ್ಕೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ.